ಪತ್ರಿಕೆಯೂ ಮತಪೆಟ್ಟಿಗೆಯೂ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ನೋಟ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನೂ, ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆದೇಶ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನು ಚಪಡ, ತಾನು ಲಿಪಿಕಾರನೆಂಬ ಒಂದು ಪದವನ್ನು ಮಾತ್ರ ದೂರದ ಖರೋಷ್ಠಿಯಲ್ಲಿ ಕೆತ್ತಿ ಹೋಗಿದ್ದಾನೆ. ಈ ಸೀಮೆಯ ದನಗಾಹಿಗೆ ಅದನ್ನು ಓದಲು ಬಂದಿರಲಾರದು. ಯಾರೋ ಒಬ್ಬರು ಓದಿ, ತಿಳಿಯುವ ಮಾತಿನಲ್ಲಿ ಹೇಳಬೇಕಾಗಿತ್ತು. ಪತ್ರಿಕೆ ಮತ್ತು ಮತದಾನದ ಚರಿತ್ರೆಯನ್ನು ಹೇಳಹೊರಟು ಬಂಡೆಗಲ್ಲಿನಿಂದ ಆರಂಭಿಸಿದ್ದಕ್ಕೆ ಓದುಗರು ಮನ್ನಿಸಬೇಕು. ಆದರೆ ಸುದ್ದಿಗೂ ಜನಕ್ಕೂ ನಡುವೆ ಓದಿ ಹೇಳುವವನೊಬ್ಬ ಇರುತ್ತಾನೆ ಎಂಬುದನ್ನು ಮರೆತರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಹಳೆಯ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಸೇರಿತಾದರೂ ಅದು ಜಮೀನುದಾರರ, ವರ್ತಕರ ಸಭೆ. 1908ರ ಪತ್ರಿಕಾ ಕಾಯಿದೆ ಬಂದಾಗ ತಾತಯ್ಯನವರೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ವಯಸ್ಕರಿಗೆಲ್ಲ ಮತ ದೊರೆತ 1951–52ರ ಮೊದಲ ಚುನಾವಣೆಯ ವೇಳೆಗೆ ‘ತಾಯಿನಾಡು’, ‘ಸಂಯುಕ್ತ ಕರ್ನಾಟಕ’ಗಳ ಜೊತೆಗೆ 1948ರಲ್ಲಿ ಹುಟ್ಟಿದ ‘ಪ್ರಜಾವಾಣಿ’ಯೂ ಇತ್ತು. ಆಗ ದೇಶದಲ್ಲಿ ನೂರಕ್ಕೆ ಹದಿನೆಂಟು ಮಂದಿ ಮಾತ್ರ ಅಕ್ಷರಸ್ಥರು. ಆದರೂ ಸುದ್ದಿ ಹಳ್ಳಿಗೆ ತಲುಪುತ್ತಿತ್ತು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಶೇಂಗಾ ತಂದ ರೈತ, ಮಂಡಿಯ ಜಗಲಿಯಲ್ಲೋ ಹೋಟೆಲಿನ ಬೆಂಚಿನಲ್ಲೋ ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ಕೇಳಿ ಗಾಡಿ ಕಟ್ಟುತ್ತಿದ್ದ. ಆಂಧ್ರದ ಗಡಿಗೆ ಒತ್ತಿಕೊಂಡ ಈ ಸೀಮೆಯಲ್ಲಿ ಕನ್ನಡದಲ್ಲಿ ಓದಿದ್ದಕ್ಕೆ ತೆಲುಗಿನಲ್ಲಿ ಅರ್ಥ ಹೇಳುವುದೂ ಸಹಜವೇ. ಓದುವವನು ಓದುತ್ತ ಒಂದೆರಡು ಮಾತು ತನ್ನದನ್ನೂ ಸೇರಿಸುತ್ತಾನೆ, ಬೇಡವಾದದ್ದನ್ನು ಹಾರಿಸುತ್ತಾನೆ. ಒಂದು ರೀತಿಯಲ್ಲಿ ಅವನೇ ಎರಡನೆಯ ಸಂಪಾದಕ.

ಇದೇನೂ ನಮ್ಮ ಊರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1940ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಂಗಡಿಗರು ಓಹಿಯೋ ರಾಜ್ಯದ ಈರಿ ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ಪತ್ರಿಕೆ, ರೇಡಿಯೋಗಳ ಪ್ರಚಾರದಿಂದ ಪಕ್ಷ ಬದಲಿಸಿದವರು ಕೆಲವರೇ. ಹೆಚ್ಚಿನವರಿಗೆ ಮೊದಲೇ ಇದ್ದ ಒಲವು ಗಟ್ಟಿಯಾಯಿತು, ಅಷ್ಟೆ. ಸುದ್ದಿ ಮೊದಲು ಊರಿನ ತಿಳಿದವರಿಗೆ, ಅವರ ಬಾಯಿಂದ ಉಳಿದವರಿಗೆ ಹರಿಯುತ್ತದೆ ಎಂಬುದು ಅವರು ಕಂಡುಕೊಂಡ ಇನ್ನೊಂದು ಮಾತು. ಜಗಲಿಯ ಮೇಲೆ ಕುಳಿತವರಿಗೆ ಇದನ್ನು ಹೇಳಿದ್ದರೆ ನಕ್ಕು, ಇಷ್ಟಕ್ಕೆ ಪುಸ್ತಕ ಬರೆಯಬೇಕೇ ಎನ್ನುತ್ತಿದ್ದರೇನೋ.

ಮುಖಪುಟದಲ್ಲಿ ಹೆಸರು ದೊಡ್ಡದಾಗಿ ಬಂದ ಮಾತ್ರಕ್ಕೆ ಮತ ಬೀಳುವುದಿಲ್ಲ ಎನ್ನುವುದಕ್ಕೆ ನಿದರ್ಶನ ನಮ್ಮ ಜಿಲ್ಲೆಯಲ್ಲೇ ಇದೆ. 1957ರಲ್ಲಿ ಮೊಳಕಾಲ್ಮೂರಿನಿಂದ ಗೆದ್ದಿದ್ದ ಎಸ್. ನಿಜಲಿಂಗಪ್ಪನವರು 1962ರಲ್ಲಿ ಹೊಸದುರ್ಗದಲ್ಲಿ ನಿಂತರು. ಏಕೀಕರಣದ ಧುರೀಣರು, ಮುಖ್ಯಮಂತ್ರಿಯಾಗಿದ್ದವರು. ಅವರ ಹೆಸರಿಲ್ಲದ ದಿನಪತ್ರಿಕೆ ಆಗ ಅಪರೂಪ. ಅವರ ಪಕ್ಷ ರಾಜ್ಯದಲ್ಲಿ ಬಹುಮತ ಪಡೆಯಿತು. ಅವರು ಮಾತ್ರ ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪನವರೆದುರು ಸೋತರು. ಎಸ್.ಆರ್. ಕಂಠಿಯವರು ಕೆಲಕಾಲ ಮುಖ್ಯಮಂತ್ರಿಯಾಗಿ, ಬಾಗಲಕೋಟೆಯಿಂದ ನಿಜಲಿಂಗಪ್ಪನವರು ಗೆದ್ದುಬಂದ ಮೇಲೆ ಸ್ಥಾನ ಬಿಟ್ಟುಕೊಡಬೇಕಾಯಿತು. 1977ರಲ್ಲಿಯೂ ಹಾಗೆಯೇ. ತುರ್ತುಪರಿಸ್ಥಿತಿಯ ಕಥೆಗಳು ಪತ್ರಿಕೆಗಳ ತುಂಬ ಬಂದವು. ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆಯಿತು. ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದೇ ಪಕ್ಷಕ್ಕೆ ಕೊಟ್ಟಿತು. ಇಲ್ಲಿ ದೇವರಾಜ ಅರಸರ ಭೂಸುಧಾರಣೆಯ ಮಾತು ಸಂಪಾದಕೀಯಗಳಿಗಿಂತ ಹತ್ತಿರದ್ದಾಗಿತ್ತು.

ಹಾಗಾದರೆ ಪತ್ರಿಕೆಯಿಂದ ಏನೂ ಆಗದೇ? 1983ನ್ನು ನೋಡೋಣ. 1980ರ ಜುಲೈನಲ್ಲಿ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದೆ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಅದೇ ತಿಂಗಳು ನರಗುಂದ–ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. 1982ರಲ್ಲಿ ಗೋಕಾಕ್ ಚಳವಳಿ ಬೀದಿಗಿಳಿಯಿತು. ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರಿಗೂ ಪತ್ರಕರ್ತರಿಗೂ ನಡೆದ ಜಟಾಪಟಿ ಆಗ ಪ್ರಸಿದ್ಧ. ವಾರಪತ್ರಿಕೆಯ ಭಾಷೆ ಆಡುಮಾತಿಗೆ ಹತ್ತಿರವಾಗಿತ್ತು, ಚುಚ್ಚುತ್ತಿತ್ತು, ನಗಿಸುತ್ತಿತ್ತು. ಇಂಥ ಗದ್ಯವನ್ನು ಗಟ್ಟಿಯಾಗಿ ಓದಬಹುದು, ಓದದೆಯೂ ಮರುದಿನ ಬಸ್ಸಿನಲ್ಲಿ ಹೇಳಬಹುದು. ಅದರ ಬಲವೆಲ್ಲ ಇದರಲ್ಲಿತ್ತೆಂದು ನನ್ನ ಅನಿಸಿಕೆ. 1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82 ಸ್ಥಾನ ಬಂದು ರಾಮಕೃಷ್ಣ ಹೆಗಡೆಯವರು ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು. ಪತ್ರಿಕೆಯೇ ಸರ್ಕಾರ ಉರುಳಿಸಿತು ಎಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಸಿಟ್ಟು ಜನರಲ್ಲಿತ್ತು, ಆಡಿಕೊಳ್ಳಲು ಪದಗಳನ್ನು ಪತ್ರಿಕೆ ಕೊಟ್ಟಿತು.

ಮುಂದಿನದು ಇನ್ನೂ ಸ್ವಾರಸ್ಯ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 24, ಜನತಾ ಪಕ್ಷಕ್ಕೆ 4. ಹೆಗಡೆಯವರು ಹೊಸ ಜನಾದೇಶ ಕೇಳಿದರು. 1985ರ ಮಾರ್ಚಿನಲ್ಲಿ ಜನತಾ ಪಕ್ಷಕ್ಕೆ 139! ಅವೇ ಪತ್ರಿಕೆಗಳು, ಅವರೇ ಓದುಗರು, ನಡುವೆ ಮೂರು ತಿಂಗಳೂ ಇಲ್ಲ. ಡಿಸೆಂಬರಿನಲ್ಲಿ ಮುಖಪುಟದ ತುಂಬ ಇಂದಿರಾಗಾಂಧಿಯವರ ಹತ್ಯೆ ಮತ್ತು ದೇಶದ ಭದ್ರತೆ. ಮಾರ್ಚಿನಲ್ಲಿ ರಾಜ್ಯದ ಆಡಳಿತ. 1968ರಲ್ಲಿ ಚಾಪೆಲ್ ಹಿಲ್ ಪಟ್ಟಣದ ಮತದಾರರನ್ನು ಪರಿಶೀಲಿಸಿದ ಮೆಕೂಂಬ್ಸ್ ಮತ್ತು ಷಾ ಎಂಬ ವಿದ್ವಾಂಸರು ತಿಳಿಸಿದ್ದೂ ಇದನ್ನೇ: ಯಾವುದನ್ನು ಮುಖ್ಯವೆಂದು ಎಣಿಸಬೇಕು ಎಂಬ ಪಟ್ಟಿಯನ್ನು ಪತ್ರಿಕೆ ಒದಗಿಸುತ್ತದೆ.

ಪಟ್ಟಿಯಲ್ಲಿ ಇಲ್ಲದ್ದರ ಗತಿಯೇನು? ಮೊಳಕಾಲ್ಮೂರಿನ ರೇಷ್ಮೆ ಮಗ್ಗ, ಚಳ್ಳಕೆರೆಯ ಕಂಬಳಿ, ಮಳೆ ಕೈಕೊಟ್ಟ ಶೇಂಗಾ ಹೊಲ ಇವು ರಾಜಧಾನಿಯ ಮುಖಪುಟಕ್ಕೆ ಬರುವುದು ಕಡಿಮೆ. 1999ರಲ್ಲಿ ‘ವಿಜಯ ಕರ್ನಾಟಕ’ ಆರಂಭವಾದ ಮೇಲೆ ಜಿಲ್ಲಾ ಪುಟಗಳ ಪೈಪೋಟಿ ಹೆಚ್ಚಿ ಊರಿನ ಸುದ್ದಿಗೆ ಜಾಗ ಸಿಕ್ಕಿತು. ಆದರೆ ಆ ಪುಟ ಆಯಾ ಜಿಲ್ಲೆಯಲ್ಲೇ ಉಳಿಯಿತು. ನಮ್ಮ ಕಷ್ಟವನ್ನು ನಾವೇ ಓದಿಕೊಳ್ಳುವ ಏರ್ಪಾಡು ಅದು. 2018ರಲ್ಲಿ ಬಿ. ಶ್ರೀರಾಮುಲು ಅವರು ಬಾದಾಮಿಯ ಜೊತೆಗೆ ಮೊಳಕಾಲ್ಮೂರಿನಲ್ಲೂ ಸ್ಪರ್ಧಿಸಿದಾಗ ಕೆಲವು ವಾರ ಎಲ್ಲ ಪತ್ರಿಕೆಗಳಲ್ಲೂ ಈ ಊರಿನ ಹೆಸರು ಕಾಣಿಸಿತು. ಅವರು ಇಲ್ಲಿ ಗೆದ್ದರು. 2023ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಅವರ ಪಾಲಾಯಿತು.

ಕೊನೆಗೆ ಹಣದ ಮಾತು. 2009ರ ಚುನಾವಣೆಗಳಲ್ಲಿ ದುಡ್ಡು ಪಡೆದು ಸುದ್ದಿಯ ರೂಪದಲ್ಲಿ ಪ್ರಚಾರ ಅಚ್ಚಾದ ದೂರುಗಳು ದೇಶದಾದ್ಯಂತ ಎದ್ದವು. 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಈ ಕುರಿತು ವರದಿ ಹೊರತಂದಿತು. 2011ರಲ್ಲಿ ಉತ್ತರಪ್ರದೇಶದ ಶಾಸಕಿ ಉಮಲೇಶ್ ಯಾದವ್ ಅವರನ್ನು, ಇಂಥ ಸುದ್ದಿಯ ಖರ್ಚನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಜಾಹೀರಾತನ್ನು ಜಾಹೀರಾತೆಂದೇ ಅಚ್ಚು ಮಾಡಬೇಕೆಂಬುದು ನಿಯಮ. ಪ್ರಾಮಾಣಿಕ ಪತ್ರಿಕೆ ಮೂಲೆಯಲ್ಲಿ ಆ ಪದವನ್ನು ಸಣ್ಣ ಅಕ್ಷರದಲ್ಲಿ ಹಾಕುತ್ತದೆ. ಆದರೆ ಜಗಲಿಯ ಮೇಲೆ ಗಟ್ಟಿಯಾಗಿ ಓದುವವನು ತಲೆಬರಹ ಓದುತ್ತಾನೆ, ಚಿತ್ರ ತೋರಿಸುತ್ತಾನೆ, ಸುದ್ದಿ ಓದುತ್ತಾನೆ. ಆ ಸಣ್ಣ ಪದವನ್ನು ಓದಿದವರನ್ನು ನಾನಂತೂ ಕೇಳಿಲ್ಲ.