ಎರಡನೇ ಮೇಲ್ಮನವಿ: ಭಾರತದ ಸಿವಿಲ್ ಕಾನೂನಿನಲ್ಲಿ ಅದರ ಮಿತಿಗಳು

ಸಿವಿಲ್ ದಾವೆಯೊಂದರಲ್ಲಿ ಮೊದಲ ಮೇಲ್ಮನವಿಯೂ ಇತ್ಯರ್ಥವಾದ ಬಳಿಕ ಹೈಕೋರ್ಟಿಗೆ ಸಲ್ಲಿಸುವ ಮನವಿಯೇ ಎರಡನೇ ಮೇಲ್ಮನವಿ. ಕರ್ನಾಟಕದ ವಕೀಲರು ಇದನ್ನು ‘ಆರ್‌ಎಸ್‌ಎ’ ಎನ್ನುತ್ತಾರೆ. ಸಾಕ್ಷ್ಯವನ್ನು ಮತ್ತೆ ತೂಗಿನೋಡಲು ಇಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ.

ಈ ನಿರ್ಬಂಧ ಹಳೆಯದು. 1859ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ‘ವಿಶೇಷ ಮೇಲ್ಮನವಿ’ಯೂ ಕಾನೂನಿನ ತಪ್ಪು, ವಿಚಾರಣಾ ಕ್ರಮದ ದೊಡ್ಡ ಲೋಪಗಳಿಗಷ್ಟೇ ಸೀಮಿತವಾಗಿತ್ತು. ವಾಸ್ತವಾಂಶದ ತೀರ್ಮಾನ ಎಷ್ಟೇ ಘೋರವಾಗಿ ತಪ್ಪಿದ್ದರೂ ಎರಡನೇ ಮೇಲ್ಮನವಿಯಲ್ಲಿ ಕೈಹಾಕುವಂತಿಲ್ಲ ಎಂದು ಪ್ರಿವಿ ಕೌನ್ಸಿಲ್ 1890ರಲ್ಲಿ ದುರ್ಗಾ ಚೌಧರಾಣಿ ಪ್ರಕರಣದಲ್ಲಿ ಸಾರಿತು. 1908ರ ಸಂಹಿತೆಯ 100ನೇ ಕಲಂ ಅದೇ ಹಾದಿಯಲ್ಲಿ ನಡೆಯಿತು. ಆದರೂ ವಾಸ್ತವಾಂಶದ ಜಗಳಗಳು ಕಾನೂನಿನ ವೇಷ ತೊಟ್ಟು ಹೈಕೋರ್ಟುಗಳಿಗೆ ಬರುತ್ತಲೇ ಇದ್ದವು.

ನಿಜವಾದ ತಿರುವು ಬಂದದ್ದು 1976ರ ತಿದ್ದುಪಡಿಯಿಂದ. ಕಾನೂನು ಆಯೋಗದ 54ನೇ ವರದಿಯ ಬೆನ್ನಿಗೆ ಬಂದ ಈ ತಿದ್ದುಪಡಿ 1977ರ ಫೆಬ್ರವರಿ 1ರಂದು ಜಾರಿಯಾಯಿತು. ‘ಸಾರಭೂತ ಕಾನೂನು ಪ್ರಶ್ನೆ’ ಇದ್ದರಷ್ಟೇ ಮೇಲ್ಮನವಿ. ಆ ಪ್ರಶ್ನೆಯನ್ನು ಹೈಕೋರ್ಟು ಮೊದಲೇ ಬರೆದಿಡಬೇಕು. ವಿಚಾರಣೆಯ ನಡುವೆ ಬೇರೊಂದು ಪ್ರಶ್ನೆ ಎತ್ತಿಕೊಳ್ಳಬೇಕಾದರೆ ಕಾರಣಗಳನ್ನು ದಾಖಲಿಸಬೇಕು. ಎದುರುಪಕ್ಷಕ್ಕೆ ತಾನು ಯಾವುದಕ್ಕೆ ಉತ್ತರ ಕೊಡಬೇಕೆಂಬುದು ಮೊದಲೇ ತಿಳಿಯುವುದು ಈ ಬದಲಾವಣೆಯ ದೊಡ್ಡ ಗುಣ.

ಒಂದು ಜಮೀನಿನ ವ್ಯಾಜ್ಯವನ್ನೇ ನೋಡಿ. ದಾವೆ ಹೂಡಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು ಎಂಬುದು ವಾಸ್ತವಾಂಶ; ಕೆಳಗಿನ ಎರಡು ನ್ಯಾಯಾಲಯಗಳು ಪಹಣಿ, ಸಾಕ್ಷಿಗಳನ್ನು ನೋಡಿ ಹೇಳಿದ್ದೇ ಅಂತಿಮ. ಅದೇ ಜಮೀನಿನ ಪತ್ರ ಕ್ರಯವೋ ಅಡಮಾನವೋ ಎಂದು ಅರ್ಥೈಸುವುದು ಕಾನೂನಿನ ಪ್ರಶ್ನೆ. ಸಾಕ್ಷ್ಯವೇ ಇಲ್ಲದೆ ಅಥವಾ ಮುಖ್ಯ ದಾಖಲೆಯನ್ನು ಕಡೆಗಣಿಸಿ ಕೊಟ್ಟ ತೀರ್ಮಾನದಲ್ಲೂ ಹೈಕೋರ್ಟು ಮಧ್ಯಪ್ರವೇಶಿಸಬಹುದು. ಬಡ ಕಕ್ಷಿದಾರನಿಗೆ ಉಳಿದಿರುವ ಈ ಆಸರೆ ಅತ್ಯಗತ್ಯ.

ಪ್ರಶ್ನೆ ‘ಸಾರಭೂತ’ವಾಗಲು ಸಾರ್ವಜನಿಕ ಮಹತ್ವ ಬೇಕಿಲ್ಲ. ಅದು ಚರ್ಚಾಸ್ಪದವಾಗಿದ್ದು, ಅದರ ಉತ್ತರ ಪ್ರಕರಣದ ಫಲಿತಾಂಶಕ್ಕೆ ನಿರ್ಣಾಯಕವಾಗಿರಬೇಕು ಎಂದು ಸುಪ್ರೀಂ ಕೋರ್ಟು 2001ರ ಸಂತೋಷ್ ಹಜಾರಿ ಪ್ರಕರಣದಲ್ಲಿ ವಿವರಿಸಿತು. ಹಣ ವಸೂಲಿ ದಾವೆಗಳಲ್ಲಿ ಮೂಲ ದಾವೆಯ ಮೊತ್ತ 25,000 ರೂಪಾಯಿ ಮೀರದಿದ್ದರೆ 102ನೇ ಕಲಮಿನಂತೆ ಎರಡನೇ ಮೇಲ್ಮನವಿಯೇ ಇಲ್ಲ.

ಸಾರಭೂತ ಪ್ರಶ್ನೆ ಬೇಕೆಂಬ ನಿಯಮಕ್ಕೆ ಪಂಜಾಬ್ ಮತ್ತು ಹರಿಯಾಣ ಹೊರತು. ಅಲ್ಲಿ ಪಂಜಾಬ್ ನ್ಯಾಯಾಲಯಗಳ ಕಾಯ್ದೆಯ 41ನೇ ಕಲಮೇ ಅನ್ವಯಿಸುತ್ತದೆ, ಸಾರಭೂತ ಪ್ರಶ್ನೆ ರೂಪಿಸಬೇಕಿಲ್ಲ ಎಂದು 2016ರಲ್ಲಿ ಪಂಕಜಾಕ್ಷಿ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು.