ಹಲಗೆ ಮೇಲೆ ನಿಂತ ಹುಡುಗ, 41 ವರ್ಷ ತಡವಾಗಿ ಬಂದ ಸುದ್ದಿ

ಕಂಬಳ ನೋಡಿದವರಿಗೆ ಈ ಆಟ ಬೇಗ ಅರ್ಥವಾಗುತ್ತದೆ. ಕನೆ ಹಲಗೆ ವಿಭಾಗದಲ್ಲಿ ಕೋಣ ಓಡಿಸುವವರು ಸಣ್ಣ ಹಲಗೆಯ ಮೇಲೆ ನಿಂತು ಕೆಸರು ನೀರು ಚಿಮ್ಮಿಸುತ್ತಾ ಸಾಗುತ್ತಾರಲ್ಲ, ಸುಮಾರಿಗೆ ಹಾಗೆ. ಕೋಣದ ಬದಲು ಮೋಟಾರು ದೋಣಿ, ಗದ್ದೆಯ ಬದಲು ಕೆರೆ, ಕೈಯಲ್ಲಿ ಉದ್ದನೆಯ ಹಗ್ಗ. ಇದೇ ವಾಟರ್ ಸ್ಕೀಯಿಂಗ್.

ಈಗ ಇದು ದುಡ್ಡಿದ್ದವರ ಆಟದಂತೆ ಕಾಣುತ್ತದೆ. ಹುಟ್ಟಿದ್ದು ಮಾತ್ರ ಹಾಗಲ್ಲ. ಮರದ ಅಂಗಡಿಯಿಂದ ತಂದ ಎರಡು ಹಲಗೆ, ಒಂದು ಹಳೆಯ ಎಂಜಿನ್, ಬಿದ್ದರೂ ಬಿಡದ ಒಬ್ಬ ಹುಡುಗ. ಇಷ್ಟರಿಂದ ಹುಟ್ಟಿದ ಆಟ ಇದು.

ಪೆಪಿನ್ ಕೆರೆಯ ಹುಡುಗ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಲೇಕ್ ಸಿಟಿ ಎಂಬ ಸಣ್ಣ ಊರಿದೆ. ಅಲ್ಲಿ ಮಿಸಿಸಿಪ್ಪಿ ನದಿ ಅಗಲವಾಗಿ ಹರಡಿಕೊಂಡು ಕೆರೆಯಂತಾಗುತ್ತದೆ. ಅದಕ್ಕೆ ಪೆಪಿನ್ ಕೆರೆ ಎನ್ನುತ್ತಾರೆ. ಆ ಊರಿನ ರಾಲ್ಫ್ ಸ್ಯಾಮುಯೆಲ್ಸನ್‌ಗೆ 1922ರಲ್ಲಿ 18 ವರ್ಷ. ಹಿಮದ ಮೇಲೆ ಜಾರಲು ಸಾಧ್ಯವಾದರೆ ನೀರಿನ ಮೇಲೆ ಯಾಕಾಗಬಾರದು ಎಂಬುದು ಅವನ ಪ್ರಶ್ನೆ.

ಮೊದಲು ಪೀಪಾಯಿಯ ಬಾಗಿದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡ. ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ. ಮತ್ತೆ ಮುಳುಗಿದ. ಕೊನೆಗೆ 8 ಅಡಿ ಉದ್ದ, 9 ಇಂಚು ಅಗಲದ ಪೈನ್ ಮರದ ಹಲಗೆ ತಂದು, ತುದಿಗಳನ್ನು ಕುದಿಯುವ ನೀರಲ್ಲಿ ಮೆತ್ತಗೆ ಮಾಡಿ ಮೇಲಕ್ಕೆ ಬಾಗಿಸಿದ. ಕಾಲು ಸಿಕ್ಕಿಸಲು ಚರ್ಮದ ಪಟ್ಟಿ ಹೊಡೆದ. ಕಿಟಕಿಗೆ ಬಳಸುವ ಹುರಿಯೇ ಹಗ್ಗವಾಯಿತು. ಕಬ್ಬಿಣದ ಬಳೆಯೇ ಹಿಡಿಯಾಯಿತು. ಅಣ್ಣ ಬೆನ್ ದೋಣಿ ನಡೆಸಿದ.

ಅದಾದ ಮೇಲೂ ಹಲವು ದಿನ ಬಿದ್ದ. ಹಲಗೆಯ ತುದಿ ನೀರಿನ ಮಟ್ಟಕ್ಕೆ ಅಥವಾ ಅದರ ಕೆಳಗೆ ಇದ್ದರೆ, ದೋಣಿ ಎಳೆದ ಕೂಡಲೇ ಹಲಗೆ ಒಳಕ್ಕೆ ನುಗ್ಗುತ್ತಿತ್ತು. 1922ರ ಜುಲೈ 2ರಂದು, 19 ತುಂಬಲು ಒಂದೇ ದಿನ ಬಾಕಿ ಇದ್ದಾಗ, ಹಿಂದಕ್ಕೆ ಒರಗಿ ತುದಿಗಳನ್ನು ನೀರಿನಿಂದ ಮೇಲೆತ್ತಿ ಹಿಡಿದ. ದೋಣಿ ಎಳೆಯಿತು, ಹುಡುಗ ನೀರಿನ ಮೇಲೆ ಎದ್ದು ನಿಂತ. ಇವತ್ತಿಗೂ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಇದೇ: ತುದಿ ಮೇಲಿರಲಿ, ಹಗ್ಗವನ್ನು ನೀವು ಎಳೆಯಬೇಡಿ, ದೋಣಿಯೇ ಎಬ್ಬಿಸಲಿ.

ಮೂರು ವರ್ಷದ ನಂತರ, 1925ರಲ್ಲಿ, ಈಜುವವರು ಧುಮುಕಲು ಇಟ್ಟಿದ್ದ ತೇಲುವ ಅಟ್ಟವನ್ನೇ ಓರೆ ಮಾಡಿ ಅದರ ಮೇಲಿಂದ ಹಾರಿದ. ಒಣ ಹಲಗೆಗೆ ಸ್ಕೀ ಕಚ್ಚಿಕೊಂಡು ಮೊದಲ ಸಲ ಬಿದ್ದ. ಅಟ್ಟಕ್ಕೆ ಹಂದಿ ಕೊಬ್ಬು ಸವರಿದ ಮೇಲೆ ಜಾರಿ ಹಾರಿದ. ಜಂಪ್ ಸ್ಪರ್ಧೆಯ ಬೇರು ಇಲ್ಲಿದೆ.

ಕಾಗದ ಇದ್ದವರಿಗೆ ಹೆಸರು

ರಾಲ್ಫ್ ಊರೂರಿಗೆ ಹೋಗಿ ಪ್ರದರ್ಶನ ಕೊಟ್ಟ, ಆದರೆ ಪೇಟೆಂಟ್ ಮಾಡಿಸಲಿಲ್ಲ. 1925ರಲ್ಲೇ ನ್ಯೂಯಾರ್ಕ್ ಕಡೆಯ ಫ್ರೆಡ್ ವಾಲರ್ ನೀರಿನ ಸ್ಕೀಗೆ ಪೇಟೆಂಟ್ ಪಡೆದರು. ದೊಡ್ಡ ಬಾಗಿದ ಪರದೆಯ ಸಿನೆರಾಮ ಸಿನಿಮಾ ಪದ್ಧತಿ ಕಂಡುಹಿಡಿದವರೂ ಇವರೇ. ಫ್ರಾನ್ಸಿನ ಕಡಲ ತೀರದಲ್ಲಿ, ಸಿಯಾಟಲ್‌ನಲ್ಲಿ ಬೇರೆಯವರೂ ತಾವೇ ಮೊದಲಿಗರು ಎಂದುಕೊಂಡಿದ್ದರು. ಅವರೂ ಸುಳ್ಳು ಹೇಳಿದವರಲ್ಲ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪಿರಲಿಲ್ಲ, ಅಷ್ಟೆ.

1937ರಲ್ಲಿ ರಾಲ್ಫ್ ಬೆನ್ನಿಗೆ ಪೆಟ್ಟು ಬಿತ್ತು. ಸ್ಕೀಯಿಂಗ್ ನಿಂತಿತು. ಆಮೇಲೆ ಮಿನ್ನೆಸೋಟದಲ್ಲೇ ಟರ್ಕಿ ಕೋಳಿ ಸಾಕಿಕೊಂಡು ಬದುಕಿದರು.

ಅತ್ತ ಆಟ ಬೆಳೆಯುತ್ತಲೇ ಇತ್ತು. 1936ರಲ್ಲಿ ಫ್ಲೋರಿಡಾದಲ್ಲಿ ಡಿಕ್ ಪೋಪ್ ತೆರೆದ ಸೈಪ್ರೆಸ್ ಗಾರ್ಡನ್ಸ್ ಎಂಬ ಉದ್ಯಾನ ಮುಂದೆ ಸ್ಕೀ ಪ್ರದರ್ಶನಕ್ಕೆ ಹೆಸರಾಯಿತು. 1939ರಲ್ಲಿ ಅಮೆರಿಕನ್ ವಾಟರ್ ಸ್ಕೀ ಸಂಸ್ಥೆ ಹುಟ್ಟಿತು. ಅದೇ ವರ್ಷ ನ್ಯೂಯಾರ್ಕ್ ಹತ್ತಿರದ ಜೋನ್ಸ್ ಬೀಚ್‌ನಲ್ಲಿ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದು ಬ್ರೂಸ್ ಪಾರ್ಕರ್ ಗೆದ್ದರು. 1949ರಲ್ಲಿ ಫ್ರಾನ್ಸಿನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅಲ್ಲಿ ಮಹಿಳೆಯರ ಪಟ್ಟ ಗೆದ್ದ ವಿಲ್ಲಾ ವರ್ತಿಂಗ್ಟನ್ ಮೆಗ್ವೈರ್, ಸೈಪ್ರೆಸ್ ಗಾರ್ಡನ್ಸ್ ಪ್ರದರ್ಶನದಲ್ಲಿ ದುಡಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಆಟ ಪ್ರದರ್ಶನಕ್ಕೆ ಬಂತು. ಪದಕದ ಆಟ ಇವತ್ತಿಗೂ ಆಗಿಲ್ಲ.

ಗೋಡೆಯ ಮೇಲಿನ ಸ್ಕೀ

1963ರಲ್ಲಿ ಸೇಂಟ್ ಪಾಲ್ ನಗರದ ಪತ್ರಿಕೆಯೊಂದರ ವರದಿಗಾರ್ತಿ ಮಾರ್ಗರೆಟ್ ಕ್ರಿಮಿನ್ಸ್ ರಜೆಗೆ ಲೇಕ್ ಸಿಟಿಗೆ ಬಂದರು. ಅಲ್ಲಿ ಗೋಡೆಗೆ ತೂಗುಹಾಕಿದ್ದ ಹಳೆಯ ಸ್ಕೀ ಜೋಡಿ ಕಂಡಿತು. ಊರವರಿಗೆ ಅದು ದಿನಾ ನೋಡಿದ ವಸ್ತು. ಅವರು ಮಾತ್ರ ಇದು ಯಾರದ್ದು ಎಂದು ಕೇಳಿದರು, ಹುಡುಕಿದರು, ಬರೆದರು.

ಬರೆದದ್ದು ಸುಮ್ಮನೆ ಹೋಗಲಿಲ್ಲ. 1966ರಲ್ಲಿ ಅಮೆರಿಕನ್ ವಾಟರ್ ಸ್ಕೀ ಸಂಸ್ಥೆ ರಾಲ್ಫ್ ಅವರನ್ನು ದಾಖಲೆಯಲ್ಲಿರುವ ಮೊದಲ ವಾಟರ್ ಸ್ಕೀ ಆಟಗಾರ ಎಂದು ಒಪ್ಪಿಕೊಂಡಿತು. 1977ರಲ್ಲಿ ಅವರು ತೀರಿಕೊಂಡರು. ಇನ್ನೊಂದು ಹದಿನೈದು ವರ್ಷ ಯಾರೂ ಕೇಳದಿದ್ದರೆ, ಬಾಯಿಬಿಟ್ಟು ಹೇಳಲು ಅವರೇ ಇರುತ್ತಿರಲಿಲ್ಲ.

ಡಿಗ್ರಿ ಕೈಗೆ, ದೋಣಿ ಕೈಬಿಟ್ಟು

ಈಗ ಸ್ಪರ್ಧೆಯಲ್ಲಿ ಮೂರು ವಿಭಾಗ. ಟ್ರಿಕ್ಸ್‌ನಲ್ಲಿ 20 ಸೆಕೆಂಡಿನ ಎರಡು ಸುತ್ತು, ಅಷ್ಟರಲ್ಲಿ ಎಷ್ಟು ಕಸರತ್ತು ಸಾಧ್ಯವೋ ಅಷ್ಟು. ಜಂಪ್‌ನಲ್ಲಿ ದೂರವೇ ಲೆಕ್ಕ. ಉತ್ತಮ ಪುರುಷ ಆಟಗಾರರು 70 ಮೀಟರಿಗೂ ಆಚೆ ಬೀಳುತ್ತಾರೆ.

ಸ್ಲಾಲಮ್ ಲೆಕ್ಕ ಚೆಂದ. ದೋಣಿ ನಡುವೆ ನೇರ ಹೋಗುತ್ತದೆ. ಎರಡೂ ಬದಿಗೆ, ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ, ಒಟ್ಟು ಆರು ತೇಲುಚೆಂಡು. ಆಟಗಾರ ಅತ್ತಿತ್ತ ಬಳುಕಿ ಆರನ್ನೂ ಸುತ್ತಬೇಕು. ಸುತ್ತಿದರೆ ದೋಣಿಯ ವೇಗ ಹೆಚ್ಚುತ್ತದೆ, ಪುರುಷರಿಗೆ ಗಂಟೆಗೆ 58 ಕಿಲೋಮೀಟರ್‌ವರೆಗೆ. ಆಮೇಲೆ ಹಗ್ಗ ಕತ್ತರಿಸುತ್ತಾ ಹೋಗುತ್ತಾರೆ: 18.25 ಮೀಟರ್, 16, 14.25, ಹೀಗೆ. 11.25ಕ್ಕೆ ಇಳಿದಾಗ ಹಗ್ಗವೇ ಚೆಂಡಿನ ದೂರಕ್ಕಿಂತ ಗಿಡ್ಡ. ಉಳಿದದ್ದನ್ನು ಮೈ ಚಾಚಿ, ಕೈ ನೀಡಿ ತುಂಬಬೇಕು.

ಇದಕ್ಕೆಲ್ಲ ದೋಣಿ ಬೇಕು, ಇಂಧನ ಬೇಕು, ನಡೆಸುವವರು ಬೇಕು. ಅಮೆರಿಕದಲ್ಲಿ ಆ ಬಾಗಿಲನ್ನು ಸಾಮಾನ್ಯರಿಗೆ ತೆರೆದದ್ದು ಕಾಲೇಜು ಕ್ಲಬ್ಬುಗಳು. ಲೂಸಿಯಾನದ ಮನ್ರೋ ಊರಿನ ವಿಶ್ವವಿದ್ಯಾಲಯದ ಅಂಗಳದಲ್ಲೇ ನೀರಿದೆ, ಅಂತರ ಕಾಲೇಜು ಪಟ್ಟಗಳಲ್ಲಿ ಅದರದ್ದೇ ಮೇಲುಗೈ. ಬೇರೆ ಕಡೆ ವಿದ್ಯಾರ್ಥಿಗಳೇ ಚಂದಾ ಹಾಕಿ ದೋಣಿ ನಡೆಸುತ್ತಾರೆ. ತಂಡಕ್ಕೆ ಜನ ಬೇಕಾದ್ದರಿಂದ, ಸ್ಕೀ ಮುಟ್ಟದವರಿಗೂ ಅಲ್ಲಿ ಜಾಗ.

ತೊಂದರೆ ಶುರುವಾಗುವುದು ಓದು ಮುಗಿದ ಮೇಲೆ. ಡಿಗ್ರಿ ಕೈಗೆ ಬಂದಾಗ ಕಾಲೇಜಿನ ದೋಣಿ ಕೈಬಿಡುತ್ತದೆ. ಕೆಲಸ ಹೊಸದು, ಸಂಬಳ ಸಣ್ಣದು. ನಮ್ಮಲ್ಲಿ ಕಾಲೇಜು ಬಿಟ್ಟ ವರ್ಷವೇ ಕಬಡ್ಡಿ, ವಾಲಿಬಾಲ್ ಬಿಟ್ಟವರು ಎಷ್ಟು ಜನ ಇಲ್ಲ? ಅಲ್ಲೂ ಹಾಗೆಯೇ.

ಉಳಿದವರು ಉಳಿದದ್ದು ಹೇಗೆ? ಊರ ಕ್ಲಬ್ಬಿಗೆ ಸೇರಿ. ನಮ್ಮಲ್ಲಿ ಹತ್ತು ಮನೆಯವರು ಸೇರಿ ಒಂದು ಒಕ್ಕಣೆ ಯಂತ್ರ ಬಳಸುವಂತೆ, ಅಲ್ಲಿ ಹಲವರು ಸೇರಿ ಒಂದು ದೋಣಿ ಬಳಸುತ್ತಾರೆ. ಹಳೆಯ ಸ್ಕೀ ಕೊಳ್ಳುತ್ತಾರೆ. ಸ್ಪರ್ಧೆಗೆ ಚಾಲಕರು, ತೀರ್ಪುಗಾರರು, ಅಂಕ ಬರೆಯುವವರು ಯಾವಾಗಲೂ ಬೇಕು. ಆ ಕೆಲಸ ಕಲಿತವರಿಗೆ ಆಟದ ಒಳದಾರಿ ಸಿಗುತ್ತದೆ.

ಇನ್ನೊಂದು ಒಳ್ಳೆಯ ಏರ್ಪಾಡು ವಯಸ್ಸಿನ ವಿಭಾಗ. 18ರಿಂದ 24 ಒಂದು, 25ರಿಂದ 34 ಇನ್ನೊಂದು, ಹೀಗೆ 80 ದಾಟಿದವರಿಗೂ ವಿಭಾಗ ಇದೆ. 22ಕ್ಕೆ ಶುರು ಮಾಡಿದವರಿಗೆ ತಡವಾಯಿತು ಎನ್ನುವವರಿಲ್ಲ. ಕೂಸಾಗಿದ್ದಾಗಿನಿಂದ ನೀರಲ್ಲೇ ಬೆಳೆದ ಚಾಂಪಿಯನ್ ಎದುರು ಗೆಲ್ಲುವುದು ಕಷ್ಟವೇ. ಆದರೆ ಹೋದ ತಿಂಗಳು ಮೂರು ಚೆಂಡು ಸುತ್ತಿದವರು ಈ ತಿಂಗಳು ನಾಲ್ಕು ಸುತ್ತಬಹುದು.

ಲೇಕ್ ಸಿಟಿ ಈಗ ವಾಟರ್ ಸ್ಕೀಯಿಂಗ್‌ನ ತವರೂರು ಎಂದೇ ತನ್ನನ್ನು ಕರೆದುಕೊಳ್ಳುತ್ತದೆ. ಆ ಹೆಸರು ಬರಲು ರಾಲ್ಫ್ ಬಿದ್ದು ಎದ್ದದ್ದು ಎಷ್ಟು ಕಾರಣವೋ, ಸ್ಕೀಯನ್ನು ಒಲೆಗೆ ಹಾಕದೆ ಇಟ್ಟುಕೊಂಡವರು, ಇದು ಯಾರದ್ದು ಎಂದು ಕೇಳಿದವರು ಅಷ್ಟೇ ಕಾರಣ.

ನಿಮ್ಮೂರಿನಲ್ಲೂ ಏನನ್ನೋ ಮೊದಲು ಮಾಡಿದವರು ಇರುತ್ತಾರೆ. ಹೊಸ ನೇಗಿಲು ಮಾಡಿದವರು, ಹೊಳೆ ದಾಟಲು ಹೊಸ ಉಪಾಯ ಹೂಡಿದವರು, ಊರಿಗೆ ಮೊದಲ ತಂಡ ಕಟ್ಟಿದವರು. ಅವರು ಇರುವಾಗಲೇ ಹೋಗಿ ಕೇಳಿ. ಹೆಸರು, ಇಸವಿ, ಜಾಗ ಬರೆದುಕೊಳ್ಳಿ. ವಸ್ತು ಇದ್ದರೆ ಫೋಟೊ ತೆಗೆದಿಡಿ. ನಮಗೂ ಕಳಿಸಿ.