ಕೆಂಪು ಎಣ್ಣೆಯೊಳಗಿದ್ದ ತಿಮಿಂಗಿಲ

ಅಮೆರಿಕದಲ್ಲಿ ಕಾರಿನ ಎಣ್ಣೆಯನ್ನು ಮನೆಯ ಷೆಡ್ಡಿನಲ್ಲೇ ಬದಲಿಸಿಕೊಳ್ಳುವುದು ಹಳೆಯ ರೂಢಿ. ಮೆಕ್ಯಾನಿಕ್ಕಿನ ಕೂಲಿ ದುಬಾರಿ ಎಂಬುದು ಒಂದು ಕಾರಣವಾದರೆ, ತನ್ನ ವಾಹನದ ಚಾಕರಿ ತಾನೇ ಮಾಡಿಕೊಳ್ಳಬೇಕೆಂಬ ಹಟ ಇನ್ನೊಂದು. ಎಂಜಿನ್ನಿನ ಎಣ್ಣೆ ಬದಲಿಸುವವರು ಬೇಕಾದಷ್ಟು ಮಂದಿ. ಗೇರ್‌ಬಾಕ್ಸಿನ ಎಣ್ಣೆಗೆ ಕೈ ಹಾಕುವವರು ಕಡಿಮೆ. ಎಸ್‌ಯುವಿ ಎಂದು ಕರೆಸಿಕೊಳ್ಳುವ ಎತ್ತರದ ವಾಹನಗಳಲ್ಲಿ ಕೆಳಗೆ ತೂರಿ ಮಲಗಲು ಜಾಗವಿರುವುದರಿಂದ ಈ ಕೆಲಸ ಸ್ವಲ್ಪ ಹಗುರ. ತಳದ ಬೋಲ್ಟು ಬಿಚ್ಚಿದರೆ ಬಾಣಲೆಗೆ ಇಳಿಯುವ ಎಣ್ಣೆ, ಇನ್ನೂ ಹಳತಾಗಿಲ್ಲದಿದ್ದರೆ, ಓಕುಳಿ ನೀರಿನಂತೆ ಕೆಂಪಾಗಿರುತ್ತದೆ. ಹಳತಾಗಿದ್ದರೆ ಕಾಫಿ ಡಿಕಾಕ್ಷನ್ನಿನ ಬಣ್ಣ, ಸುಟ್ಟ ವಾಸನೆ.

ಕೆಂಪು ಅದರ ಸಹಜ ಬಣ್ಣವಲ್ಲ. ನೆಲದ ಮೇಲೆ ಬಿದ್ದ ಹನಿ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ನೋಡಿದೊಡನೆ ತಿಳಿಯಲೆಂದು ಬೇಕೆಂದೇ ಬೆರೆಸಿದ ಬಣ್ಣ ಅದು. ಆದರೆ ಅರ್ಧ ಶತಮಾನದ ಹಿಂದೆ ಆ ಎಣ್ಣೆಯಲ್ಲಿ ಬೆರೆತಿದ್ದುದು ಬಣ್ಣ ಮಾತ್ರವಲ್ಲ. ಕಡಲಿನ ಒಂದು ಪ್ರಾಣಿಯೂ ಅದರಲ್ಲಿತ್ತು.

ಕಾಲಿನಿಂದ ಕ್ಲಚ್ ಒತ್ತದೆ, ಕೈಯಿಂದ ಗೇರ್ ಬದಲಿಸದೆ ಓಡುವ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದದ್ದು ಜನರಲ್ ಮೋಟಾರ್ಸ್. 1939ರಲ್ಲಿ ಪ್ರಕಟವಾದ ಅದರ 'ಹೈಡ್ರಾಮ್ಯಾಟಿಕ್' ಗೇರ್‌ಬಾಕ್ಸ್ 1940ರ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ 57 ಡಾಲರ್ ಹೆಚ್ಚಿಗೆ ಕೊಟ್ಟವರಿಗೆ ಸಿಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಸ್ಟುವರ್ಟ್ ಹಗುರ ಟ್ಯಾಂಕಿಗೂ ಅಳವಡಿಸಲಾಯಿತು. ಯುದ್ಧ ಮುಗಿದ ಮೇಲೆ ರಣರಂಗದಲ್ಲಿ ಪರೀಕ್ಷೆಗೊಂಡದ್ದು ಎಂಬ ಜಾಹೀರಾತು ಮಾರಾಟಕ್ಕೆ ನೆರವಾಯಿತು. 1949ರಲ್ಲಿ ಕಂಪನಿಯು ಇಂತಹ ಗೇರ್‌ಬಾಕ್ಸಿಗೆ ಯಾವ ಎಣ್ಣೆ ತಕ್ಕದ್ದೆಂದು 'ಟೈಪ್ ಎ' ಎಂಬ ಹೆಸರಿನಲ್ಲಿ ನಿಯಮಗಳನ್ನೇ ಗೊತ್ತುಪಡಿಸಿತು.

ಇಷ್ಟೊಂದು ಕಟ್ಟುಪಾಡು ಏಕೆ? ನಮ್ಮ ಹಳ್ಳಿಗಳಲ್ಲಿ ಬಂಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಗೆ ಒಂದೇ ಕೆಲಸ, ಉಜ್ಜಾಟ ತಪ್ಪಿಸುವುದು. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ನಾಲ್ಕಾರು ಕೆಲಸ ಮಾಡಬೇಕು. ಎಂಜಿನ್ನಿನ ಶಕ್ತಿಯನ್ನು ಗೇರುಗಳಿಗೆ ದಾಟಿಸಬೇಕು, ಒತ್ತಡದಿಂದ ಕವಾಟಗಳನ್ನು ಆಡಿಸಬೇಕು, ಬಿಸಿಯನ್ನು ಹೊತ್ತೊಯ್ಯಬೇಕು. ಎಲ್ಲಕ್ಕಿಂತ ನಾಜೂಕಿನದು ಇನ್ನೊಂದಿದೆ. ಒಳಗಿನ ಕ್ಲಚ್ ಬಿಲ್ಲೆಗಳು ಎಣ್ಣೆಯಲ್ಲಿ ಮುಳುಗಿದಂತೆಯೇ ಒಂದನ್ನೊಂದು ಹಿಡಿಯಬೇಕು. ಥಟ್ಟನೆ ಹಿಡಿದರೆ ಕಾರು ಜಗ್ಗುತ್ತದೆ, ಕಿರುಗುಟ್ಟುತ್ತದೆ. ಹಿಡಿಯದೆ ಜಾರುತ್ತಲೇ ಇದ್ದರೆ ಬಿಲ್ಲೆ ಸುಟ್ಟುಹೋಗುತ್ತದೆ. ಮೊದಲು ಮೆಲ್ಲಗೆ ಜಾರಿ ಆಮೇಲೆ ಗಟ್ಟಿಯಾಗಿ ಹಿಡಿಯುವಂತೆ ಮಾಡುವ ಗುಣ ಬರಿಯ ಖನಿಜ ತೈಲದಲ್ಲಿಲ್ಲ.

ಆ ಗುಣ ಸ್ಪರ್ಮ್ ತಿಮಿಂಗಿಲದ ಎಣ್ಣೆಯಲ್ಲಿತ್ತು. ಈ ಪ್ರಾಣಿಯ ದೊಡ್ಡ ತಲೆಯೊಳಗೆ ಸಾವಿರ ಲೀಟರಿಗೂ ಮೀರಿ ಬೆಳ್ಳಗಿನ ದ್ರವ ಇರಬಲ್ಲದು. ಅದನ್ನು ವೀರ್ಯವೆಂದು ತಪ್ಪು ತಿಳಿದ ಬೇಟೆಗಾರರು ಇಟ್ಟ ಹೆಸರೇ ಇಂಗ್ಲಿಷಿನಲ್ಲಿ ಉಳಿದುಬಿಟ್ಟಿದೆ. (ನಮ್ಮ ಪತ್ರಿಕೆಗಳಲ್ಲಿ ಆಗಾಗ ಪೊಲೀಸರು ವಶಪಡಿಸಿಕೊಂಡ ಸುದ್ದಿಯಾಗಿ ಬರುವ 'ತಿಮಿಂಗಿಲದ ವಾಂತಿ' ಕೂಡ ಇದೇ ಪ್ರಾಣಿಯದು.) ನಾವು ಅಡಿಗೆಗೆ ಬಳಸುವ ಎಣ್ಣೆ ಕೊಬ್ಬಿನ ಜಾತಿಯದಾದರೆ ಇದು ಬಹುಪಾಲು ದ್ರವರೂಪದ ಮೇಣ. ಲೋಹಕ್ಕೆ ತೆಳ್ಳಗಿನ ಪದರವಾಗಿ ಅಂಟಿಕೊಳ್ಳುತ್ತದೆ, ಒತ್ತಡಕ್ಕೂ ಬಿಸಿಗೂ ಸುಲಭವಾಗಿ ಸೋಲುವುದಿಲ್ಲ. ಗಂಧಕದೊಡನೆ ಸಂಸ್ಕರಿಸಿ ಖನಿಜ ತೈಲಕ್ಕೆ ಸ್ವಲ್ಪವೇ ಬೆರೆಸಿದರೂ ಸಾಕಾಗುತ್ತಿತ್ತು.

ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಅಮೆರಿಕದ ನ್ಯಾಂಟಕೆಟ್ ದ್ವೀಪದ ಹಡಗುಗಳು ಈ ತಿಮಿಂಗಿಲವನ್ನು ಹುಡುಕಿಕೊಂಡು ಭೂಮಿಯನ್ನೇ ಸುತ್ತಿದವು. ಆಗ ಎಣ್ಣೆ ಬೇಕಾಗಿದ್ದುದು ದೀಪಕ್ಕೆ, ಮೇಣದ ಬತ್ತಿಗೆ. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು. ತಿಮಿಂಗಿಲ ಬದುಕಿಕೊಂಡಿತು ಎಂಬ ಮಾತು ಪಾಠಗಳಲ್ಲಿ ಬರುವುದುಂಟು. ಅದು ಅರ್ಧ ಸತ್ಯ. ದೀಪದಿಂದ ಪಾರಾದ ಪ್ರಾಣಿ ಯಂತ್ರದ ಬಾಯಿಗೆ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಎಂಜಿನ್ ಹಡಗುಗಳು, ಸ್ಫೋಟಕ ತುಂಬಿದ ಭರ್ಜಿಗಳು ಹಿಂದಿನವರ ಕನಸಿನಲ್ಲೂ ಇಲ್ಲದ ಕೊಲೆ ಮಾಡಿದವು. 1960ರ ದಶಕದಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು ಸ್ಪರ್ಮ್ ತಿಮಿಂಗಿಲಗಳು ಸತ್ತವು. ಸಂಜೆಯ ಹೊತ್ತು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಕಾರು ಓಡಿಸುತ್ತಿದ್ದ ಗೃಹಸ್ಥನಿಗೆ ಇದರ ಸುಳಿವಿರಲಿಲ್ಲ. ಡಬ್ಬದ ಮೇಲೆ ತಿಮಿಂಗಿಲದ ಚಿತ್ರವೇನೂ ಇರುತ್ತಿರಲಿಲ್ಲವಷ್ಟೆ.

1970ರಲ್ಲಿ ಅಮೆರಿಕದ ಒಳಾಡಳಿತ ಕಾರ್ಯದರ್ಶಿ ವಾಲ್ಟರ್ ಹಿಕೆಲ್ ದೊಡ್ಡ ತಿಮಿಂಗಿಲಗಳನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಸ್ಪರ್ಮ್ ತಿಮಿಂಗಿಲವೂ ಅದರಲ್ಲಿತ್ತು. ಯಂತ್ರಗಳಿಗೆ ಇದರ ಎಣ್ಣೆ ಅನಿವಾರ್ಯವೆಂಬ ವಾದಕ್ಕೆ ಅವರು ಮಣಿಯಲಿಲ್ಲ. ಸರ್ಕಾರವೇ ಈ ಎಣ್ಣೆಯನ್ನು ಯುದ್ಧಕಾಲದ ದಾಸ್ತಾನಿನಲ್ಲಿ ಕೂಡಿಟ್ಟಿತ್ತು ಎಂಬುದನ್ನು ನೆನೆದರೆ ಆ ವಾದಕ್ಕೆ ಎಷ್ಟು ತೂಕವಿತ್ತೆಂದು ತಿಳಿದೀತು. ಆಮದು ನಿಂತಿತು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ ಉಳಿದಿದ್ದ ದೇಶದ ಕಡೆಯ ತಿಮಿಂಗಿಲ ಕಟುಕಶಾಲೆ 1971ರಲ್ಲಿ ಬಾಗಿಲು ಹಾಕಿತು.

ಮುಂದೆ ನಡೆದದ್ದು ಕಾನೂನು ಮಾಡಿದವರು ನಿರೀಕ್ಷಿಸಿರದ ಸಂಗತಿ. 1973ರ ಹೊತ್ತಿಗೆ ತಿಮಿಂಗಿಲದ ಎಣ್ಣೆಯಿಲ್ಲದ 'ಡೆಕ್ಸ್‌ರಾನ್-2' ಬಂತು. ದಶಕದ ನಡುವಿನಲ್ಲಿ ಗೇರ್‌ಬಾಕ್ಸುಗಳು ಹಿಂದೆಂದಿಗಿಂತ ಹೆಚ್ಚು ಕೆಡುತ್ತಿವೆ ಎಂದು ದುರಸ್ತಿ ಅಂಗಡಿಗಳಿಂದ ಕೂಗೆದ್ದಿತು. ನಿಷೇಧವೇ ಕಾರಣ ಎಂದವರು ಹಲವರು. ಈ ತೀರ್ಪು ಪೂರ್ತಿ ನ್ಯಾಯವಾದದ್ದಲ್ಲ. ಅದೇ ವರ್ಷಗಳಲ್ಲಿ ಹೊಗೆ ನಿಯಂತ್ರಣದ ನಿಯಮಗಳಿಂದಾಗಿ ಎಂಜಿನ್‌ಗಳು ಹೆಚ್ಚು ಬಿಸಿಯಾಗಿ ಓಡತೊಡಗಿದ್ದವು. ಆದರೂ ಹೊಸ ಎಣ್ಣೆ ನಿರ್ದೋಷಿಯಲ್ಲ: ಅದರ ಮೊದಲ ಬಗೆಗಳು ರೇಡಿಯೇಟರಿನೊಳಗಿನ ಎಣ್ಣೆ ತಂಪುಮಾಡುವ ಕೊಳವೆಯ ಬೆಸುಗೆಯನ್ನೇ ತಿನ್ನುತ್ತಿದ್ದವು. ಅದನ್ನು ಸರಿಪಡಿಸಿದ ಎಣ್ಣೆ ಬಂದದ್ದು ಆಮೇಲೆ.

ಬದಲಿಯ ಹುಡುಕಾಟ ಮರುಭೂಮಿಯವರೆಗೂ ಹೋಯಿತು. ಅಮೆರಿಕ-ಮೆಕ್ಸಿಕೊ ಗಡಿಯ ಸೊನೋರಾ ಮರಳುಗಾಡಿನ ಹೊಹೋಬ ಎಂಬ ಪೊದೆಯ ಬೀಜದಲ್ಲಿ ತಿಮಿಂಗಿಲದ ಎಣ್ಣೆಯಂಥದೇ ದ್ರವ ಮೇಣವಿದೆ. (ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಚೀನಾದ ಗಿಡವೆಂಬಂತಿದೆ, ಚೀನಾಕ್ಕೂ ಇದಕ್ಕೂ ಸಂಬಂಧವಿಲ್ಲ.) 1975ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದನ್ನು ಒಣಭೂಮಿಗೆ ಭರವಸೆಯ ಬೆಳೆ ಎಂದು ವರದಿ ಕೊಟ್ಟಿತು. ನಮ್ಮ ಜೋಧಪುರದ ಮರುಭೂಮಿ ಸಂಶೋಧನಾ ಸಂಸ್ಥೆಯೂ ಇದನ್ನು ಬೆಳೆದು ನೋಡಿದೆ. ಗಿಡವೇನೋ ಬಂತು. ಆದರೆ ಬೆಲೆ ಕಾರಿನ ಗೇರ್‌ಬಾಕ್ಸಿಗೆ ಎಟಕುವಂಥದಾಗಿರಲಿಲ್ಲ. ಹೊಹೋಬ ಎಣ್ಣೆ ಮುಖಕ್ಕೆ, ಕೂದಲಿಗೆ ಹಚ್ಚುವ ಶೀಷೆಗಳನ್ನು ಸೇರಿತು. ಗೇರ್‌ಬಾಕ್ಸಿನಲ್ಲಿ ತಿಮಿಂಗಿಲದ ಜಾಗ ಹಿಡಿದದ್ದು ಮುಖ್ಯವಾಗಿ ಪ್ರಯೋಗಶಾಲೆಯ ರಾಸಾಯನಿಕಗಳು.

ಮನೆಯಲ್ಲಿ ಎಣ್ಣೆ ಬದಲಿಸುವವನ ಕಷ್ಟ ಹೆಚ್ಚಿದ್ದು ಇಲ್ಲಿಂದಲೇ. ಪ್ರತಿ ಕಂಪನಿಗೂ ಅದರದೇ ರಾಸಾಯನಿಕ ಪಾಕ. ಫೋರ್ಡ್ ಬೇರೆ ದಾರಿ ಹಿಡಿದಿತ್ತು. ಅದರ 'ಟೈಪ್ ಎಫ್' ಎಣ್ಣೆಯಲ್ಲಿ ಜಾರಿಸುವ ಮಿಶ್ರಣವೇ ಇರಲಿಲ್ಲ. ಅದನ್ನು ಜನರಲ್ ಮೋಟಾರ್ಸ್ ಗೇರ್‌ಬಾಕ್ಸಿಗೆ ಹೊಯ್ದರೆ ಗೇರ್ ಬದಲಾದಾಗಲೆಲ್ಲ ಗುದ್ದಿದ ಅನುಭವ. ಫೋರ್ಡ್ ಕೂಡ 1987ರಲ್ಲಿ 'ಮರ್ಕಾನ್' ತಂದಿತು. ಕ್ರೈಸ್ಲರ್, ಟೊಯೋಟ, ಹೋಂಡಾಗಳು ತಮ್ಮತಮ್ಮವನ್ನು ತಂದವು. ಬಣ್ಣ ಹೆಚ್ಚಿನವಕ್ಕೆ ಕೆಂಪೇ, ಒಳಗಿನ ಹದ ಬೇರೆ. ಹೀಗಾಗಿ ಇಂದು ಸ್ಪ್ಯಾನರ್ ಹಿಡಿಯುವ ಮೊದಲು ಕೈಪಿಡಿ ಓದಬೇಕು.

ಕೈಪಿಡಿ ಓದಿದರೆ ಇನ್ನೊಂದು ತೊಡಕು. ಹಲವು ತಯಾರಕರು ಈ ಎಣ್ಣೆ ವಾಹನದ ಆಯುಷ್ಯಕ್ಕೆಲ್ಲ ಸಾಕೆಂದು ಹೇಳಿ ಎಣ್ಣೆ ಅಳೆಯುವ ಕಡ್ಡಿಯನ್ನೇ ತೆಗೆದುಬಿಟ್ಟರು. ಆದರೆ ಹಲವು ಐಷಾರಾಮಿ ಎಸ್‌ಯುವಿಗಳಿಗೆ ಗೇರ್‌ಬಾಕ್ಸ್ ಒದಗಿಸುವ ಜರ್ಮನಿಯ ಜೆಡ್‌ಎಫ್ ಕಂಪನಿ 80,000ದಿಂದ 1,20,000 ಕಿಲೋಮೀಟರಿಗೆ ಒಮ್ಮೆ ಬದಲಿಸಿ ಎನ್ನುತ್ತದೆ. ಯಾರ ಮಾತು ನಂಬಬೇಕು? ಗೇರ್‌ಬಾಕ್ಸ್ ಮಾಡಿದವರ ಮಾತನ್ನು ನಂಬುವುದು ಲೇಸು. ಕಾರು ಮಾರುವವರ ಲೆಕ್ಕದಲ್ಲಿ 'ಆಯುಷ್ಯ' ಎಂದರೆ ಎಷ್ಟೆಂದು ಕೈಪಿಡಿಯಲ್ಲಿ ಬರೆದಿರುವುದಿಲ್ಲ.

ಕಡ್ಡಿಯಿಲ್ಲದ ಗೇರ್‌ಬಾಕ್ಸಿನಲ್ಲೂ ಕೆಲಸ ಅಸಾಧ್ಯವಲ್ಲ. ವಾಹನವನ್ನು ಸಮತಟ್ಟಾಗಿ ಗಟ್ಟಿ ಆಸರೆಗಳ ಮೇಲೆ ನಿಲ್ಲಿಸಬೇಕು. ಬರಿಯ ಜ್ಯಾಕಿಯನ್ನು ನಂಬಿ ಕೆಳಗೆ ಹೋದವರು ಪ್ರಾಣ ಕಳೆದುಕೊಂಡಿದ್ದಾರೆ. ತಳ ಬಿಚ್ಚಿದರೆ ಹೊರಬರುವುದು ಒಟ್ಟು ಎಣ್ಣೆಯ ಅರ್ಧದಷ್ಟೋ ಅದಕ್ಕೂ ಕಡಿಮೆಯೋ, ಮಿಕ್ಕದ್ದು ಟಾರ್ಕ್ ಕನ್ವರ್ಟರಿನೊಳಗೇ ನಿಂತಿರುತ್ತದೆ. ತಳದ ತಟ್ಟೆಯ ಅಯಸ್ಕಾಂತಕ್ಕೆ ಬೂದಿಯಂಥ ಲೋಹದ ಪುಡಿ ಅಂಟಿದ್ದರೆ ಗಾಬರಿಯಿಲ್ಲ; ಚೂರುಗಳಿದ್ದರೆ ಮೆಕ್ಯಾನಿಕ್ಕಿನ ಬಳಿ ಹೋಗುವುದೇ ಸರಿ. ಇಳಿದಷ್ಟನ್ನು ಅಳೆದು ಅಷ್ಟನ್ನೇ ತುಂಬಿ, ಎಂಜಿನ್ ಓಡುತ್ತಿರುವಂತೆಯೇ ಎಣ್ಣೆ ಕೈಪಿಡಿ ಹೇಳಿದಷ್ಟು, ಎಷ್ಟೋ ವಾಹನಗಳಲ್ಲಿ ಸುಮಾರು 40 ಡಿಗ್ರಿ, ಬಿಸಿಯಾದಾಗ ಮಟ್ಟ ನೋಡುವ ಬಿರಡೆಯನ್ನು ತೆಗೆಯಬೇಕು. ಧಾರೆಯಾಗಿ ಹರಿದರೆ ಎಣ್ಣೆ ಹೆಚ್ಚಾಗಿದೆ. ಏನೂ ಬಾರದಿದ್ದರೆ ಇನ್ನಷ್ಟು ಬೇಕು. ಹನಿಹನಿಯಾಗಿ ತೊಟ್ಟಿಕ್ಕತೊಡಗಿದಾಗ ಬಿರಡೆ ಮುಚ್ಚಿ ಹೊರಗೆ ಬರಬಹುದು.